ವರ್ಷ ತುಂಬುವ ಮೊದಲೇ ಬಂದ ಕಂಪ್ಯೂಟರ್

ಚಿತ್ರದುರ್ಗದ ಒಂದು ಕಂಪ್ಯೂಟರ್ ಅಂಗಡಿಗೆ ಅತ್ತೆ, ಸೊಸೆ ಇಬ್ಬರೂ ಬಂದಿದ್ದರು...

ಅತ್ತೆ ಕಾತ್ಯಾಯನಮ್ಮ. ಸೊಸೆ ವೈದೇಹಿ. ಮಗ ಶ್ರೀವತ್ಸ ದೇವರ ಪಾದ ಸೇರಿ ಆಗ ಐದು ತಿಂಗಳು.

ಹೊಸದುರ್ಗದಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಅವನು ಫೋಟೋ ತೆಗೆಯುತ್ತಿದ್ದ, ವೈದೇಹಿ ಮದುವೆಯ ಆಲ್ಬಮ್ ಡಿಸೈನ್ ಮಾಡುತ್ತಿದ್ದಳು. ಈಗ ಎರಡೂ ಅವಳೇ.

ಹೋದ ವಾರ ಸ್ಟುಡಿಯೋದ ಕಂಪ್ಯೂಟರ್ ಕೆಟ್ಟು ನಿಂತಿತು. ರಿಪೇರಿ ಆಗುವ ಹಾಗಿರಲಿಲ್ಲ. ಅಷ್ಟರಲ್ಲೇ ಮದುವೆ ಮನೆಯವರ ಫೋನ್...

"ಎಂಟು ದಿನದಲ್ಲಿ ಆಲ್ಬಮ್ ಆಗ್ಲಿಲ್ಲ ಅಂದ್ರೆ ಫೋಟೋ ವಾಪಸ್ ಕೊಟ್ಟುಬಿಡಮ್ಮ. ಬೇರೆ ಕಡೆ ಮಾಡಿಸ್ಕೋತೀವಿ."

ಶ್ರೀವತ್ಸ ಹೋದ ಮೇಲೆ ಅವಳು ಒಬ್ಬಳೇ ಒಪ್ಪಿಕೊಂಡ ಮೊದಲ ಮದುವೆ ಅದು. ಇದು ಕೈತಪ್ಪಿದರೆ ಆ ಊರಿನಲ್ಲಿ ಇನ್ನು ಯಾರೂ ಅವಳನ್ನು ಕರೆಯುವುದಿಲ್ಲ... ಸ್ಟುಡಿಯೋ ಮುಚ್ಚಬೇಕು.

"ಸೆಕೆಂಡ್ ಹ್ಯಾಂಡ್ ಯಾವ್ದಿದೆ ಅಣ್ಣ?" ಎಂದು ಕೇಳಿದಳು.

ಅಂಗಡಿಯ ತಿಪ್ಪೇಶ್ ತಲೆ ಅಲ್ಲಾಡಿಸಿದರು. "ಆಲ್ಬಮ್ ಡಿಸೈನಿಗಾ? ಇಲ್ಲಿರೋ ಹಳೇದು ಅಷ್ಟು ಲೋಡ್ ತಡೆಯಲ್ಲಮ್ಮ. ರ‍್ಯಾಮ್ ಕಮ್ಮಿ, ಗ್ರಾಫಿಕ್ಸ್ ಕಾರ್ಡೇ ಇಲ್ಲ. ಅರ್ಜಿ ಟೈಪ್ ಮಾಡೋಕೆ ಸಾಕು, ಅಷ್ಟೆ. ದುಡ್ಡಿನ ತೊಂದ್ರೆನಾ?"

"ಅಲ್ಲ ಅಣ್ಣ... ಹೊಸದಕ್ಕೆ ಅಂತ ಅವರೇ ಎತ್ತಿಟ್ಟಿದ್ರು."

"ಮತ್ತೆ?"

ವೈದೇಹಿ ಅತ್ತೆಯ ಕಡೆ ನೋಡಿದಳು. ಉತ್ತರ ಕೊಟ್ಟವರು ಕಾತ್ಯಾಯನಮ್ಮ.

"ಮನೇಲಿ ಸಾವಾಗಿದೆ. ವರ್ಷ ತುಂಬೋ ತನಕ ಹೊಸ ಸಾಮಾನು ತರೋ ಹಾಗಿಲ್ಲಪ್ಪ. ಹಳೇದಾದ್ರೆ ದೋಷ ಇಲ್ಲ."

"ಅಮ್ಮ, ಇದಕ್ಕೆ ಆಗಿರೋ ವಯಸ್ಸಿಗೆ ಸರ್ಕಾರ ಪೆನ್ಶನ್ ಕೊಡಬೇಕು!" ಎಂದು ತಿಪ್ಪೇಶ್ ಹಳೆಯ ಕಂಪ್ಯೂಟರನ್ನು ತಟ್ಟಿದರು.

ಯಾರೂ ನಗಲಿಲ್ಲ.

"ಸರಿ, ಈ ಹಳೇದು, ಪಕ್ಕದ ಹೊಸದು, ಎರಡರಲ್ಲೂ ಸಾಫ್ಟ್‌ವೇರ್ ಹಾಕಿದೀನಿ. ಫೈಲ್ ತಂದಿದ್ರೆ ನೀವೇ ಓಪನ್ ಮಾಡಿ ನೋಡಿ."

ವೈದೇಹಿ ಹಳೆಯದಕ್ಕೆ ಪೆನ್‌ಡ್ರೈವ್ ಹಾಕಿದಳು. ಮೊದಲ ಪುಟ ಮೇಲಿನಿಂದ ಮೆಲ್ಲನೆ ಮೂಡತೊಡಗಿತು... ಮದುಮಗಳ ಬಾಸಿಂಗದವರೆಗೆ ಬಂದು ನಿಂತುಬಿಟ್ಟಿತು. ಮುಖ ಬರಲೇ ಇಲ್ಲ.

ಒಂದು ನಿಮಿಷ... ಎರಡು ನಿಮಿಷ...

ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದಳು. ಮತ್ತೆ ಅದೇ.

"ಪರವಾಗಿಲ್ಲ ಅಣ್ಣ... ಒಂದೊಂದೇ ಫೋಟೋ ಹಾಕಿ ಮಾಡ್ಕೋತೀನಿ. ಹೇಗೋ ಆಗುತ್ತೆ. ಇದನ್ನೇ ಪ್ಯಾಕ್ ಮಾಡಿ."

ಮಾತು ಧೈರ್ಯದ್ದು. ಆದರೆ ಕೈ ಮೌಸ್ ಬಿಡದೆ ಮತ್ತೆ ಮತ್ತೆ ಅದೇ ಫೈಲನ್ನು ಒತ್ತುತ್ತಿತ್ತು...

ಆ ಕೈಯನ್ನು ಕಾತ್ಯಾಯನಮ್ಮ ಬಹಳ ಹೊತ್ತು ನೋಡಿದರು.

"ಎದ್ದೇಳೇ ವೈದೇಹಿ" ಎಂದರು. "ನಿನ್ನ ಮಾವ ತೀರಿಕೊಂಡ ವರ್ಷ ನನ್ನ ಹೊಲಿಗೆ ಮೆಷಿನ್ ಕೆಟ್ಟಿತ್ತು. ವರ್ಷದೊಳಗೆ ಹೊಸದು ಬೇಡ ಅಂದ್ರು ನಮ್ಮತ್ತೆ. ಪರವಾಗಿಲ್ಲ ಅಂದೆ. ಊರವರ ರವಿಕೆಯೆಲ್ಲ ಕೈಯಲ್ಲೇ ಹೊಲಿದೆ... ನನ್ನ ಕಣ್ಣು ಮಂಜಾಗಿದ್ದು ಆ ವರ್ಷವೇ."

ಅವರು ವೈದೇಹಿಯ ಕೈ ಹಿಡಿದು ಎಬ್ಬಿಸಿದರು.

"ನಮ್ಮತ್ತೆಗೆ ಹೆದರಿ ಬಾಯಿ ಬಿಡಲಿಲ್ಲ ಕಣೇ. ಇವತ್ತು ನೀನು ನನಗೆ ಹೆದರ್ತಿದೀಯಲ್ಲೇ..."

ಸೆರಗಿನಿಂದ ಕಣ್ಣೊರೆಸಿಕೊಂಡು ತಿಪ್ಪೇಶ್ ಕಡೆ ತಿರುಗಿದರು. "ಹೊಸದೇ ಕೊಡಪ್ಪ. ಇವಳ ಕೆಲಸ ತಡೆಯೋ ಅಂಥದ್ದು. ದೇವರಿಗೆ ನಾನು ಉತ್ತರ ಹೇಳ್ಕೋತೀನಿ."

"ಅತ್ತೆ... ನೆಂಟರು ಏನಂತಾರೋ?"

"ಅವರು ಬಂದು ನಿನ್ನ ಆಲ್ಬಮ್ ಮಾಡಿಕೊಡ್ತಾರಂತಾ?"

ಹೊಸ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರು. ಪುಟಗಳು ಒಂದರ ಹಿಂದೆ ಒಂದು ಬಂದವು... ಧಾರೆ, ಸಪ್ತಪದಿ, ನಗುತ್ತಿರುವ ಮದುಮಗಳು.

ವೈದೇಹಿ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಐದು ತಿಂಗಳಲ್ಲಿ ಅವಳು ಸದ್ದು ಮಾಡಿ ಅತ್ತದ್ದು ಅದೇ ಮೊದಲು...

"ಕುಂಕುಮ ಇಟ್ಟು, ಕಾಯಿ ಒಡೆದು ಕೊಡಲಾ ಅಮ್ಮ?" ಎಂದು ತಿಪ್ಪೇಶ್ ಮೆಲ್ಲಗೆ ಕೇಳಿದರು.

"ಈ ವರ್ಷ ಅದೆಲ್ಲ ಬೇಡಪ್ಪ. ಬೇಗ ಕಟ್ಟಿಕೊಡು, ಇವಳು ಕೆಲಸಕ್ಕೆ ಕೂರಬೇಕು."

*

ಹೋದವರಿಗಾಗಿ ಹಿಡಿದ ನೇಮ, ಇರುವವರ ಕೈ ಕಟ್ಟಿಹಾಕಬಾರದು.

ನಮ್ಮ ಮಾತಿಗೆ ಹೆದರಿ, ಬೇಕಾದ್ದನ್ನು ಕೇಳದೆ "ಪರವಾಗಿಲ್ಲ" ಎನ್ನುತ್ತಿರುವವರು ನಮ್ಮ ಮನೆಯಲ್ಲೂ ಇದ್ದಾರೆಯೇ...?