ಅಕ್ಕಿಕಾಳಿನಷ್ಟು ಬಿಳುಪು

"ಬಾಯಿ ತೆಗಿ ಬೇಟಾ. ಕೊರಿಯೂದಿಲ್ಲ, ಸೂಜಿ ಚುಚ್ಚೂದಿಲ್ಲ," ಎಂದರು ಹಲ್ಲಿನ ಡಾಕ್ಟರ್ ಅಬ್ದುಲ್ ಕರೀಮ್. "ನಮ್ಮ ಶಹಾಬಾದದಾಗ ಪರಸಿ ಕಲ್ಲಿಗಿ ಪಾಲಿಶ್ ಹೊಡೀತಾರಲ್ಲ, ಹಂಗ ಮ್ಯಾಲಿಂದು ಒಂಚೂರು ತಿಕ್ತೀನಿ, ಅಷ್ಟ."

"ಆಮ್ಯಾಲೆ ನನ್ನ ಹಲ್ಲಮ್ಯಾಗ ಇರುವಿ ಜಾರಿ ಬೀಳ್ತಾವೇನ್ರಿ?" ಒಂಬತ್ತು ವರ್ಷದ ಶ್ರೀವಿದ್ಯಾ ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೇಳಿದಳು. ಶಾಲೆಯಲ್ಲಿ 'ಸುಣ್ಣದ ಹಲ್ಲು' ಎಂದು ಕರೆಯತೊಡಗಿದ ಮೇಲೆ ಆ ಕೈ ಕೆಳಗಿಳಿದಿರಲಿಲ್ಲ.

ತಾಯಿ ಪ್ರಮಿತಾ ಕೈಯನ್ನು ಮೆಲ್ಲಗೆ ಸರಿಸಿದಳು. ಮುಂದಿನ ಹಲ್ಲಿನ ಮೇಲೆ ಅಕ್ಕಿಕಾಳಿನಷ್ಟು ಬಿಳುಪು. ಗಂಡ ರಘುವೀರನಿಗೂ ಅದೇ ಹಲ್ಲಿನಲ್ಲಿ ಅಷ್ಟೇ ಇತ್ತು. ಅವನು ತೀರಿಕೊಂಡು ಐದು ವರ್ಷ. "ನನ್ನ ಮಗ ಎಲ್ಲಿಗೂ ಹೋಗಿಲ್ಲ, ಕೂಸಿನ ಹಲ್ಲಾಗ ಬಂದು ಕುಂತಾನ" ಎಂದು ಅತ್ತೆ ಸುಮಿತ್ರಾಬಾಯಿ ಮನೆಗೆ ಬಂದವರಿಗೆಲ್ಲ ಮೊಮ್ಮಗಳ ತುಟಿ ಎತ್ತಿ ತೋರಿಸುತ್ತಿದ್ದರು. ಇವತ್ತು ಪ್ರಮಿತಾ ಅವರಿಗೆ ಹೇಳದೆ ಬಂದಿದ್ದಳು.

"ಅವರಪ್ಪಂದು ಬಂದದ್ರಿ," ಎಂದಳು.

"ಅಪ್ಪಂದಲ್ರಿ ಅಕ್ಕೋರ, ನೀರಿಂದು. ಸಣ್ಣಾಕಿ ಇದ್ದಾಗ ಬೋರಿನ ನೀರು ಕುಡದಿರಬೇಕು. ಆ ನೀರು ಕುಡದು ಬೆಳೆದವರು ಭಾಳ ಮಂದಿಗಿ ಹಿಂಗ ಇರ್ತದ."

ಅತ್ತೆಯ ಊರಿನ ಬೋರಿನಡಿ ಬೊಗಸೆಯೊಡ್ಡಿ ಕೂಸಿಗೆ ನೀರು ಕುಡಿಸುತ್ತಿದ್ದವನು ರಘುವೀರನೇ.

ಹಲ್ಲು ತಿಕ್ಕುವ ರಬ್ಬರಿನ ಪುಟ್ಟ ಬಟ್ಟಲು ಗುಯ್ಯೆಂದು ತಿರುಗಿತು. ಹಲ್ಲು ತೊಳೆದು ಗಾಳಿ ಊದಿದಾಗ ಬಿಳುಪು ಇನ್ನೂ ಅಲ್ಲೇ ಹೊಳೆಯಿತು. "ಗಾಬರಿ ಆಗಬ್ಯಾಡ್ರಿ," ಎಂದರು ಡಾಕ್ಟರ್. "ಒಣಗಿದ್ರ ಕಾಣ್ತದ. ಉಗುಳು ತಾಕಿದ್ರ ಮಾಯ." ಶ್ರೀವಿದ್ಯಾ ಹಲ್ಲಿನ ಮೇಲೆ ನಾಲಗೆ ಆಡಿಸಿದಳು. ಬಿಳುಪು ಇಲ್ಲ. ಕನ್ನಡಿಯಲ್ಲಿ ನೋಡಿ ನಕ್ಕಳು, ಕೈ ಮೇಲೇರಲಿಲ್ಲ.

"ಇನ್ನೊಂದ ಸಲ ತಿಕ್ಕಿದ್ರ ಒಣಗಿದಾಗೂ ಕಾಣೂದಿಲ್ಲ. ತಿಕ್ಕಲೇನ್ರಿ?"

"ಸಾಕ್ರಿ," ಎಂದಳು ಪ್ರಮಿತಾ, ಅವರ ಮಾತು ಮುಗಿಯುವುದರೊಳಗೆ.

ಚಿತ್ತಾಪುರದ ಮನೆಗೆ ಮರಳಲು ವಾಡಿಗೆ ಬಂದು ಸೇಡಂ ಕಡೆಯ ಪ್ಯಾಸೆಂಜರ್ ಹತ್ತಿದರು. ಮಧ್ಯಾಹ್ನದ ಬಿಸಿಲಿನಲ್ಲಿ ತೊಗರಿಹೊಲಗಳು ನೀರಿನಂತೆ ಹಿಂದಕ್ಕೆ ಹರಿಯುತ್ತಿದ್ದವು. ಮಗಳು ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು ನಿದ್ದೆಹೋದಳು. ಗಾಳಿ ಒಳಗೆ ಬೀಸಿ ಬೀಸಿ ಹಲ್ಲನ್ನು ಒಣಗಿಸಿತು. ಅಕ್ಕಿಕಾಳು ಮಸುಕುಮಸುಕಾಗಿ ಮೂಡಿಬಂತು.

"ಕಿಡಕಿ ಹಾಕ್ರೆವ್ವ, ಕೂಸಿಗಿ ಸಿಮೆಂಟಿನ ಧೂಳು ಬಡ್ಯಾಕತ್ತದ," ಎಂದಳು ಎದುರಿಗೆ ಕುಳಿತ ಮುದುಕಿ.

ಪ್ರಮಿತಾ ಆ ಹಲ್ಲಿನಿಂದ ಕಣ್ಣು ಕದಲಿಸಲಿಲ್ಲ.

"ಇರ್ಲಿ ಬಿಡ್ರಿ. ಚಿತ್ತಾಪುರ ತನಕ."