ಕಾಲು ತೊಳೆಯುವ ಸರದಿ

ಪವಿತ್ರ ಗುರುವಾರ ಸಂಜೆ ಮಾರ್ತಮ್ಮ ಬೇಕೆಂದೇ ಗದ್ದೆಯ ಕೆಸರು ತುಳಿದು ಚರ್ಚಿಗೆ ಹೊರಟಳು.

"ಕಾಲಾದರೂ ತೊಳ್ಕೊಳ್ಳಮ್ಮಾ," ಅಂದಳು ಮಗಳು.

"ಸುಮ್ನಿರೇ. ಅವರ ಮನೆ ನಿಶ್ಚಿತಾರ್ಥದ ದಿನ ಅಷ್ಟು ಜನರ ಮುಂದೆ ಆ ಎಸ್ತೇರಮ್ಮ ಏನಂದ್ಲು? 'ಈ ಕೆಸರುಗಾಲಲ್ಲಿ ನಮ್ಮನೆ ಒಳಗೆ ಬರಬೇಡ' ಅಂದ್ಲು. ಇವತ್ತು ಅದೇ ಜನರ ಮುಂದೆ ಇದೇ ಕಾಲನ್ನ ಅವಳೇ ತೊಳೀಲಿ."

ಮನಸ್ತಾಪ ಇದ್ದವರು ಆ ಸಂಜೆ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುವುದು ಅವರ ಸಭೆಯ ಪದ್ಧತಿ. ಈ ಇಬ್ಬರ ಹೆಸರನ್ನು ಪಾಸ್ಟರು ಭಾನುವಾರವೇ ಹೇಳಿದ್ದರು.

ಮಾರ್ತಮ್ಮ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ರೇಷ್ಮೆ ಸೀರೆ ಉಟ್ಟು, ದಪ್ಪ ಕಾಲುಚೀಲ ಹಾಕಿಕೊಂಡು ಬಂದಿದ್ದ ಎಸ್ತೇರಮ್ಮ ಮಂಡಿಯೂರಿದಳು. ಕೆಸರು ನೋಡಿಯೂ ಅವಳು ಮುಖ ಸಿಂಡರಿಸಲಿಲ್ಲ.

"ಉಗುರಿನ ಸಂದೀಲೂ ಇದೆ ನೋಡಿ, ಅಮ್ಮಾವ್ರೇ," ಅಂದಳು ಮಾರ್ತಮ್ಮ, ಎಲ್ಲರಿಗೂ ಕೇಳುವ ಹಾಗೆ.

"ಅದಕ್ಕೇನಂತೆ, ಮಾರ್ತಾ," ಎಂದು ಎಸ್ತೇರಮ್ಮ ಉಗುರುಗಳನ್ನೂ ಒಂದೊಂದಾಗಿ ಉಜ್ಜಿದಳು. ಆಮೇಲೆ ಟವೆಲಿನಿಂದ ಮೆಲ್ಲಗೆ ಒರೆಸಿದಳು.

ಬೆಂಚುಗಳಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. "ಅಹಂಕಾರ ಹೇಗೆ ಕರಗಿ ಹೋಯ್ತು ನೋಡಿ!" ಅಂದರು ಪಾಸ್ಟರು.

ಸೇಡು ತೀರಿತೆಂದು ಮಾರ್ತಮ್ಮ ಎದೆ ಸೆಟೆಸಿ ಎದ್ದಳು. ಆ ಕುರ್ಚಿಯಲ್ಲಿ ಎಸ್ತೇರಮ್ಮ ಕೂತಳು. ಪಾಸ್ಟರು ಬೋಗುಣಿಗೆ ಹೊಸ ನೀರು ತುಂಬಿಸಿ ಮಾರ್ತಮ್ಮನ ಮುಂದಿಟ್ಟರು.

"ಈಗ ನಿನ್ನ ಸರದಿ, ಮಾರ್ತಾ," ಅನ್ನುತ್ತ ಎಸ್ತೇರಮ್ಮ ಕಾಲುಚೀಲ ಕಳಚಿದಳು.

ಬೆರಳ ತುದಿಯಿಂದ ಹಿಮ್ಮಡಿಯ ತನಕ ಟ್ರ್ಯಾಕ್ಟರಿನ ಕರಿ ಗ್ರೀಸು ದಪ್ಪಗೆ ಮೆತ್ತಿತ್ತು.