ಹೊಸಬರ ದಾರ

ದಾರದ ಕಾರ್ಖಾನೆಯ ಹಾಜರಿ, ಸಂಬಳ, ದಾಸ್ತಾನು ಎಲ್ಲವೂ ಭಾನುವಾರ ಹಳೆಯ ಕಂಪ್ಯೂಟರು ಬಿಟ್ಟು ಕ್ಲೌಡಿಗೆ ಹೋದವು. ರೀಲು ಸುತ್ತುವ ಶೆಡ್ಡಿನ ಹೆಂಗಸರು ದುಡಿದ ವರ್ಷಗಳು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಅವರೆಲ್ಲರೂ ಅವತ್ತೇ ಕೆಲಸಕ್ಕೆ ಸೇರಿದವರಾಗಿದ್ದರು.

ಬಾಗಿಲಲ್ಲಿದ್ದ ಹೊಸ ಹಾಜರಿ ಯಂತ್ರಕ್ಕೆ ದೊಡ್ಡಕ್ಕ ಹೆಬ್ಬೆರಳು ಒತ್ತಿದಾಗ ಅದು ‘ಸುಸ್ವಾಗತ, ಇಂದು ನಿಮ್ಮ ಮೊದಲ ದಿನ’ ಎಂದು ತೋರಿಸಿತು. ದೊಡ್ಡಕ್ಕನ ಕೂದಲು ಬೆಳ್ಳಗಾದದ್ದೇ ಆ ಶೆಡ್ಡಿನಲ್ಲಿ. ಅದು ವಯಸ್ಸೋ ಹತ್ತಿಯ ಧೂಳೋ ಎಂದು ಅವಳೇ ನಗುತ್ತಿದ್ದಳು. ಬರುವ ತಿಂಗಳು ಹಳಬರನ್ನೆಲ್ಲ ಕಾಯಂ ಮಾಡುವುದಾಗಿ ಆಡಳಿತ ಮಾತು ಕೊಟ್ಟಿತ್ತು. ಹೊಸಬರಾದರೆ ಕಾರಣ ಹೇಳದೆಯೇ ಯಾವ ಸಂಜೆ ಬೇಕಾದರೂ ಮನೆಗೆ ಕಳಿಸಬಹುದು.

“ನಾವಿಬ್ರೂ ಓರಗೆಯವರಾದ್ವಲ್ಲ ದೊಡ್ಡಕ್ಕ!” ಎಂದಳು ಹಿಂದೆ ನಿಂತಿದ್ದ ಪಟಾಕಿ. ಹೋದ ವಾರ ಸೇರಿದ ಹುಡುಗಿ. ಬಾಯಿಗೆ ತಕ್ಕ ಹೆಸರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಒಬ್ಬೊಬ್ಬರಾಗಿ ಹೆಬ್ಬೆರಳು ಒತ್ತುತ್ತ ಬಂದಂತೆ ನಗು ತಾನಾಗಿಯೇ ನಿಂತಿತು.

ಇದನ್ನೆಲ್ಲ ಸಾಗಿಸಲು ಬಂದಿದ್ದ ಕಂಪ್ಯೂಟರಿನವನಿಗೆ ಆಡಳಿತದವರು ಹೊತ್ತುಹೊತ್ತಿಗೆ ಕಾಫಿ ಕಳಿಸುತ್ತಿದ್ದರು. ಹಾಗಾಗಿ ಹೆಂಗಸರು ಅವನಿಗೆ ‘ಅಳಿಯ’ ಎಂದು ಹೆಸರಿಟ್ಟಿದ್ದರು. ದೊಡ್ಡಕ್ಕ ನೇರ ಅವನ ಮೇಜಿನ ಮುಂದೆ ಹೋಗಿ ನಿಂತಳು.

“ಮನೆ ಖಾಲಿ ಮಾಡೋರು ಮೂಲೇಲಿರೋ ಪೊರಕೇನೂ ಮರೀದೆ ಒಯ್ತಾರಪ್ಪ. ನಮ್ಮನ್ನ ಹೇಗೆ ಮರೆತ್ರಿ?”

“ಮರೆತಿದ್ದಲ್ಲಮ್ಮ,” ಎಂದ ಅಳಿಯ.

ಕಾಫಿ ಲೋಟವನ್ನು ಅತ್ತಿತ್ತ ಸರಿಸಿ ಅವನು ದನಿ ತಗ್ಗಿಸಿದ. “ನಿಮ್ಮ ಗುತ್ತಿಗೆದಾರರು ಎಷ್ಟೋ ಸಲ ಬದಲಾಗಿದಾರೆ. ಒಬ್ಬೊಬ್ಬರ ಕಾಲದ ಹಾಜರಿ ಒಂದೊಂದು ಕಡೆ ಇದೆ. ಜೋಡಿಸಿ ಕಳಿಸಬಹುದು, ಕಷ್ಟವೇನಿಲ್ಲ. ಬೇಡ ಅಂದ್ರು. ಸೇರಿದ ತಾರೀಖು ಖಾಲಿ ಬಿಟ್ರೆ ಹೊಸ ಸಿಸ್ಟಮ್ ಒಪ್ಪಲ್ಲ. ಇವತ್ತಿಂದೇ ಹಾಕು ಅಂದ್ರು.”

“ಯಾರು ಅಂದಿದ್ದು?”

ಅವನ ಕಣ್ಣು ಮೇಲಿನ ಕಚೇರಿಯ ಗಾಜಿನ ಕಿಟಕಿಗೆ ಹೋಗಿ ಬಂತು. “ಹಳೇದನ್ನ ಸಂಜೆ ಅಳಿಸಬೇಕಮ್ಮ,” ಎಂದಷ್ಟೇ ಹೇಳಿದ.

ಸೈರನ್ ಕೂಗಿತು.

ಆ ಶೆಡ್ಡಿಗೆ ಒಂದು ಕಟ್ಟಳೆ ಇತ್ತು. ಹಿಂದೊಮ್ಮೆ ಹೊಸ ಹುಡುಗಿಯೊಬ್ಬಳು ತಿರುಗುವ ಕದಿರಿಗೆ ಕೈಯಿಟ್ಟು ಬೆರಳು ಕಳೆದುಕೊಂಡಿದ್ದಳು. ಅಂದಿನಿಂದ ಹೊಸಬರ ಕೈಯನ್ನು ಮೊದಲ ವಾರ ಬೆನ್ನ ಹಿಂದೆ ಒಂದೆಳೆ ದಾರದಿಂದ ಕಟ್ಟಿ, ಬರೀ ಕೆಲಸ ನೋಡಲು ನಿಲ್ಲಿಸುವುದನ್ನು ದೊಡ್ಡಕ್ಕನೇ ರೂಢಿಗೆ ತಂದಿದ್ದಳು. ಎಳೆದರೆ ಪಟ್ಟನೆ ಹರಿಯುವ ದಾರ ಅದು. ಹರಿದರೆ ಕೈ ಚಪಲ ಇನ್ನೂ ಹೋಗಿಲ್ಲ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಆಡಳಿತಕ್ಕೂ ಇದು ಹಿಡಿಸಿ, ‘ಹೊಸಬರು ಮೊದಲ ವಾರ ಯಂತ್ರ ಮುಟ್ಟತಕ್ಕದ್ದಲ್ಲ’ ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿತ್ತು.

ಪಟಾಕಿಯ ವಾರ ಮುಗಿದಿತ್ತು. ಅವಳು ಬೆರಳು ನೆಟಿಗೆ ಮುರಿದು ಯಂತ್ರದತ್ತ ಹೊರಟಳು.

“ತಡಿಯೇ. ಒಂದೆಳೆ ದಾರ ತಗೊಂಡು ಬಾ,” ಎಂದಳು ದೊಡ್ಡಕ್ಕ.

“ನಂದು ಮುಗೀತಲ್ಲ!”

“ನಿನಗಲ್ಲ ಕಣೇ. ನನಗೆ.”

ದೊಡ್ಡಕ್ಕ ತಿರುಗಿ ನಿಂತು ಎರಡೂ ಮಣಿಕಟ್ಟು ಜೋಡಿಸಿದಳು. ಕಿಸಕ್ಕನೆ ನಕ್ಕ ಪಟಾಕಿ, ಗಂಟು ಹಾಕುವ ಹೊತ್ತಿಗೆ ನಗುತ್ತಿರಲಿಲ್ಲ. ಪಕ್ಕದ ಯಂತ್ರದವಳು ಯಾರೂ ಹೇಳದೆಯೇ ಬೆನ್ನು ತಿರುಗಿಸಿದಳು. ಅವಳಾಚೆಯವಳೂ ತಿರುಗಿಸಿದಳು. ಪಟಾಕಿ ದಾರ ಹಿಡಿದು ಶೆಡ್ಡಿನ ಆ ತುದಿಯವರೆಗೂ ಓಡಾಡಿದಳು. ಕೊನೆಗೆ ಅವಳ ಕೈ ಕಟ್ಟುವವರು ಯಾರೂ ಉಳಿಯಲಿಲ್ಲ. ದೊಡ್ಡಕ್ಕ ಅವಳ ಬೆನ್ನಿಗೆ ಬೆನ್ನು ಕೊಟ್ಟು, ಕಟ್ಟಿದ ಕೈಗಳಿಂದಲೇ ತಡಕಾಡಿ ಗಂಟು ಬಿಗಿದಳು.

ಮಾತಿಗೊಮ್ಮೆ ಕೈಗಡಿಯಾರ ನೋಡುವ ಮೇಲ್ವಿಚಾರಕ ಓಡಿಬಂದ.

“ಏನ್ರಮ್ಮ ಇದು ನಾಟಕ? ಸೈರನ್ ಆಯ್ತು, ಯಂತ್ರ ಶುರು ಮಾಡಿ!”

“ಹೊಸಬರು ಸಾರ್.”

“ನಿನಗೆ ಕೆಲಸ ಬರಲ್ವಾ ದೊಡ್ಡಕ್ಕ? ಯಾರಿಗೆ ಹೇಳ್ತೀಯ?”

“ಬರ್ತಿದ್ದೋಳು ನಿನ್ನೆವರೆಗೂ ಇದ್ಲು ಸಾರ್. ಅವಳನ್ನ ಹಳೇ ಕಂಪ್ಯೂಟರಲ್ಲೇ ಬಿಟ್ಟು ಬಂದಿದೀರಿ. ಸಂಜೆ ಅಳಿಸೋಕ್ಮುಂಚೆ ಕರ್ಕೊಂಡು ಬನ್ನಿ, ಕೆಲಸ ಮಾಡ್ತಾಳೆ.”

ಅವನು ಗಡಿಯಾರ ನೋಡಿದ, ಗೋಡೆ ನೋಡಿದ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಅಂದ: “ಕೈ ಬಿಡಿಸ್ಕೊಳ್ಳಮ್ಮ. ಮೇಲಿಂದ ನೋಡ್ತಿದಾರೆ.”

“ನೋಡ್ಲಿ. ನಾವೂ ನೋಡ್ತಾ ಇದೀವಿ. ಮೊದಲ ವಾರ ನೋಡೋದೇ ಅಲ್ವಾ ಕೆಲಸ? ನಾನು ಬಿಡಿಸ್ಕೊಳ್ಳಲ್ಲ ಸಾರ್.”

ದೊಡ್ಡಕ್ಕ ತಲೆಯೆತ್ತಿ ಗಾಜಿನ ಕಿಟಕಿಯತ್ತ ನೋಡುತ್ತ ನಿಂತಳು. ಶೆಡ್ಡಿನ ಉದ್ದಕ್ಕೂ ನಿಂತ ಯಂತ್ರಗಳು, ಅವುಗಳ ಮುಂದೆ ಹೆಂಗಸರು, ಒಬ್ಬೊಬ್ಬರ ಬೆನ್ನ ಹಿಂದೆ ಒಂದೆಳೆ ದಾರ. ಎಳೆದರೆ ಪಟ್ಟನೆ ಹರಿಯುವ ದಾರ.

ಯಾರೂ ಎಳೆಯಲಿಲ್ಲ.